ಮೊದಲ ಒಂಟಿ ಚಾರಣಕ್ಕೆ ಸಿದ್ಧತೆ: ಬೆನ್ನುಚೀಲ, ಅನುಮತಿ ಮತ್ತು ಒಂದು ಸಣ್ಣ ಚಾಕು

ಮೊದಲ ಬಾರಿಗೆ ಒಬ್ಬರೇ ಬೆಟ್ಟಕ್ಕೆ ಹೊರಡಲು ನಿರ್ಧರಿಸಿದವರು ಅಂಗಡಿಯಲ್ಲಿ ತುಂಬ ಹೊತ್ತು ನಿಂತು ನೋಡುವ ವಸ್ತುಗಳಲ್ಲಿ ಚಾಕು ಒಂದು. ಕಾಡು, ಒಂಟಿತನ, ಕತ್ತಲು ಎಂಬ ಯೋಚನೆಗಳು ಒಟ್ಟಿಗೆ ಬಂದಾಗ ಕೈ ತಾನಾಗಿಯೇ ದೊಡ್ಡ ಅಲಗಿನ ಕಡೆಗೆ ಹೋಗುತ್ತದೆ. ಆದರೆ ಸಹ್ಯಾದ್ರಿಯ ದಾರಿಗಳಲ್ಲಿ ಚಾಕುವಿಗೆ ಬೀಳುವ ಕೆಲಸ ನಿಂಬೆಹಣ್ಣು ಹೆಚ್ಚುವುದು, ಹಗ್ಗ ತುಂಡರಿಸುವುದು, ಕಾಲಿನ ಬೊಬ್ಬೆಗೆ ಹಚ್ಚುವ ಪಟ್ಟಿಯನ್ನು ಅಳತೆಗೆ ಕತ್ತರಿಸುವುದು ಮುಂತಾದ ಸಣ್ಣಪುಟ್ಟ ಕೆಲಸ ಮಾತ್ರ. ಆದ್ದರಿಂದ ಎಲ್ಲಿಗೆ, ಎಷ್ಟು ದಿನ, ಏನು ತಿಂದುಕೊಂಡು ಹೋಗುತ್ತೇವೆ ಎಂಬುದು ಮೊದಲು ತೀರ್ಮಾನವಾಗಲಿ, ಚಾಕುವನ್ನು ಆಮೇಲೆ ಕೊಳ್ಳಬಹುದು.

ಮೊದಲ ಪ್ರಯಾಣಕ್ಕೆ ನಾನು ಸೂಚಿಸುವುದು ಕೊಡಗಿನ ತಡಿಯಂಡಮೋಳನ್ನು. 1748 ಮೀಟರ್ ಎತ್ತರದ ಈ ಬೆಟ್ಟ ಕೊಡಗಿನ ಅತಿ ಎತ್ತರದ ಶಿಖರವಾಗಿದ್ದರೂ ಒಂದೇ ದಿನದಲ್ಲಿ ಹತ್ತಿ ಇಳಿಯುವಂಥದ್ದು. ಬುಡದಲ್ಲಿ ಊರಿದೆ, ದಾರಿ ಸ್ಪಷ್ಟವಾಗಿದೆ. ಮಡಿಕೇರಿ ಅಥವಾ ವಿರಾಜಪೇಟೆಯಿಂದ ಬಸ್ಸಿನಲ್ಲಿ ಕಕ್ಕಬ್ಬೆಯ ಕಡೆಗೆ ಬಂದು, ಹೋಂಸ್ಟೇ ಒಂದರಲ್ಲಿ ಎರಡು ರಾತ್ರಿ ತಂಗಿ, ನಡುವಿನ ದಿನ ಬೆಟ್ಟಕ್ಕೆ ಹೋಗಿಬರುವುದು ಒಳ್ಳೆಯ ಕ್ರಮ. ದೊಡ್ಡ ವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ ನಾಲ್ಕುನಾಡು ಅರಮನೆ ಈ ದಾರಿಯ ಆರಂಭದಲ್ಲೇ ಇದೆ. ಬಂದ ದಿನದ ಸಂಜೆ ಅಲ್ಲಿಯವರೆಗೆ ತುಂಬಿದ ಚೀಲ ಹೊತ್ತು ನಡೆದು ನೋಡಿದರೆ, ಭುಜದ ಪಟ್ಟಿ ಎಲ್ಲಿ ಒತ್ತುತ್ತದೆ, ಬೂಟು ಎಲ್ಲಿ ಉಜ್ಜುತ್ತದೆ ಎಂಬುದು ಬೆಟ್ಟ ಹತ್ತುವ ಮೊದಲೇ ತಿಳಿಯುತ್ತದೆ. ಶಿಖರದಲ್ಲಿ ಡೇರೆ ಹಾಕಿ ರಾತ್ರಿ ಕಳೆಯುವ ಆಸೆಯನ್ನು ಬಿಟ್ಟುಬಿಡಬೇಕು. ಅದಕ್ಕೆ ಅನುಮತಿ ಇಲ್ಲ, ಮೊದಲ ಸಲ ಒಬ್ಬರೇ ಹೋಗುವವರಿಗೆ ಅದು ಬೇಕಾಗಿಯೂ ಇಲ್ಲ.

ಅಕ್ಟೋಬರ್ ಕೊನೆಯಿಂದ ಜನವರಿಯವರೆಗಿನ ಕಾಲ ಉತ್ತಮ. ಮಳೆಗಾಲದಲ್ಲಿ ಜಾರಿಕೆಯೂ ಜಿಗಣೆಯೂ ಹೆಚ್ಚು, ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯದಿಂದ ಅರಣ್ಯ ಇಲಾಖೆ ಚಾರಣ ನಿಲ್ಲಿಸುವುದುಂಟು. ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ಟಿಕೆಟ್ ಕಾಯ್ದಿರಿಸುವಾಗಲೇ ಆ ದಾರಿ ತೆರೆದಿದೆಯೇ, ಒಬ್ಬರೇ ಹೋಗಬಹುದೇ, ಮಾರ್ಗದರ್ಶಿ ಕಡ್ಡಾಯವೇ ಎಂಬುದನ್ನು ವಿಚಾರಿಸಿಕೊಳ್ಳಬೇಕು. ಒಂಟಿ ಚಾರಣ ಎಂದರೆ ಮಾರ್ಗದರ್ಶಿಯೇ ಇರಬಾರದು ಎಂಬ ಹಟ ಬೇಡ. ಸ್ಥಳೀಯರೊಬ್ಬರು ಜೊತೆಗಿದ್ದರೂ ಚೀಲ ನಿಮ್ಮದೇ, ಹೆಜ್ಜೆ ನಿಮ್ಮದೇ.

ಇಬ್ಬರು ಹೋಗುವಾಗ ಒಬ್ಬರು ಮರೆತದ್ದನ್ನು ಇನ್ನೊಬ್ಬರು ನೆನಪಿಸುತ್ತಾರೆ. ಒಬ್ಬರೇ ಹೋಗುವಾಗ ಆ ಎರಡನೆಯ ತಲೆಯ ಕೆಲಸವನ್ನು ಕಾಗದ ಮಾಡಬೇಕಾಗುತ್ತದೆ. ಯಾವ ಬಸ್ಸು, ಯಾವ ಮನೆಯಲ್ಲಿ ವಾಸ, ಎಷ್ಟು ಗಂಟೆಗೆ ಏರಲು ಆರಂಭ, ಎಷ್ಟು ಗಂಟೆಯೊಳಗೆ ಇಳಿದು ಫೋನ್ ಮಾಡುತ್ತೇನೆ ಎಂಬುದನ್ನು ಬರೆದು ಒಂದು ಪ್ರತಿಯನ್ನು ಮನೆಯವರಿಗೂ ಇನ್ನೊಂದನ್ನು ಹೋಂಸ್ಟೇಯವರಿಗೂ ಕೊಡಿ. ಅದರಲ್ಲಿ ಬಹಳ ಮುಖ್ಯವಾದ ಸಾಲು ಕೊನೆಯದು: ‘ಇಂತಿಷ್ಟು ಗಂಟೆಯವರೆಗೂ ನನ್ನ ಕರೆ ಬರದಿದ್ದರೆ ಮೊದಲು ಹೋಂಸ್ಟೇಗೆ, ಆಮೇಲೆ 112ಕ್ಕೆ ಕರೆ ಮಾಡಿ.’ ಬೆಟ್ಟದ ಮೇಲೆ ಸಿಗ್ನಲ್ ಬಂದುಹೋಗುವ ಕಾರಣ ಗಡುವನ್ನು ಇಳಿಯುವ ಸಮಯಕ್ಕಿಂತ ಎರಡು ಗಂಟೆ ಮುಂದಕ್ಕೆ ಇಟ್ಟರೆ ಮನೆಯವರಿಗೆ ಅನವಶ್ಯಕ ಆತಂಕವಾಗುವುದಿಲ್ಲ. ಹಾಗೆಯೇ, ಶಿಖರ ಸಿಗಲಿ ಬಿಡಲಿ, ಮಧ್ಯಾಹ್ನ ಒಂದು ಗಂಟೆಗೆ ತಿರುಗಿ ಇಳಿಯುತ್ತೇನೆ ಎಂಬ ನಿಯಮವನ್ನು ಮನೆಯಲ್ಲೇ ಹಾಕಿಕೊಳ್ಳುವುದು ಒಳ್ಳೆಯದು, ಏಕೆಂದರೆ ಶೋಲಾ ಕಾಡಿನೊಳಗಿನ ಕೊನೆಯ ಕಡಿದಾದ ಏರಿನಲ್ಲಿ ದಣಿದು ನಿಂತಾಗ ಅಂಥ ತೀರ್ಮಾನ ಮಾಡುವುದು ಕಷ್ಟ. ಕೊಡಗಿನ ತೋಟದ ದಾರಿಗಳಲ್ಲಿ ಮುಂಜಾವ ಮತ್ತು ಮುಸ್ಸಂಜೆ ಆನೆಗಳು ಓಡಾಡುವ ಹೊತ್ತು. ಕತ್ತಲಲ್ಲಿ ನಡೆಯುವ ಯೋಜನೆ ಬೇಡ.

ಚೀಲದ ಒಟ್ಟು ತೂಕ ನಿಮ್ಮ ದೇಹದ ತೂಕದ ಐದನೇ ಒಂದು ಭಾಗವನ್ನು ಮೀರಬಾರದು. ಈ ಪ್ರಯಾಣಕ್ಕೆ ಅದಕ್ಕಿಂತಲೂ ಬಹಳ ಕಡಿಮೆ ಸಾಕು. ಬೆಟ್ಟದ ದಿನಕ್ಕೆ ಮೂರು ಲೀಟರ್ ನೀರು, ಮಳೆಯಂಗಿ, ಬೆಚ್ಚನೆಯ ಒಂದು ಅಂಗಿ, ತಲೆಗೆ ಕಟ್ಟುವ ದೀಪ, ಆಫ್‌ಲೈನ್ ನಕ್ಷೆ ಇಳಿಸಿಕೊಂಡ ಫೋನ್, ಪವರ್ ಬ್ಯಾಂಕ್, ಸೀಟಿ, ಗಾಯಕ್ಕೆ ಬೇಕಾದ ಪಟ್ಟಿ ಮತ್ತು ಟೇಪು ಇವಿಷ್ಟು ಇರಲಿ. ಊಟಕ್ಕೆ ಚಪಾತಿ, ಚಟ್ನಿಪುಡಿ, ಸೌತೆಕಾಯಿ, ಬಾಳೆಹಣ್ಣು, ಒಗ್ಗರಣೆ ಹಾಕಿದ ಅವಲಕ್ಕಿ ಒಯ್ದರೆ ಒಲೆಯ ಅಗತ್ಯವೇ ಬರುವುದಿಲ್ಲ. ಹತ್ತಿಯ ಬಟ್ಟೆ ಬೆವರಿನಲ್ಲಿ ನೆನೆದು ಶಿಖರದ ಗಾಳಿಗೆ ಮೈ ನಡುಗಿಸುತ್ತದೆ. ಬೇಗ ಒಣಗುವ ಬಟ್ಟೆಯೇ ಇರಲಿ. ಎಲ್ಲವನ್ನೂ ದಪ್ಪ ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಬೆನ್ನುಚೀಲಕ್ಕೆ ಇಳಿಸಬೇಕು, ಮತ್ತು ಆ ಚೀಲವನ್ನು ಮರಳಿ ಮನೆಗೇ ತರಬೇಕು.

ಈಗ ಚಾಕುವಿನ ವಿಚಾರ. ಮೇಲಿನ ಊಟ, ಮೇಲಿನ ಸಾಮಾನು ಇಷ್ಟಕ್ಕೆ ಏಳರಿಂದ ಎಂಟೂವರೆ ಸೆಂಟಿಮೀಟರ್ ಅಲಗಿನ ಮಡಚುವ ಚಾಕು ಧಾರಾಳವಾಗಿ ಸಾಕು. ಮೊದಲು ನೋಡಬೇಕಾದದ್ದು ಉಕ್ಕನ್ನು. ಕಾರ್ಬನ್ ಸ್ಟೀಲಿನ ಅಲಗು ಬೇಗ ಹರಿತವಾಗುತ್ತದೆ ಎಂಬುದು ನಿಜ. ಆದರೆ ಮಲೆನಾಡಿನ ತೇವ, ಅಂಗೈ ಬೆವರಿನ ಉಪ್ಪು, ನಿಂಬೆಯ ಹುಳಿ ಮೂರೂ ಸೇರಿದರೆ ಒಂದೇ ರಾತ್ರಿಯಲ್ಲಿ ಅದರ ಮೇಲೆ ಕಂದು ಚುಕ್ಕೆಗಳು ಏಳುತ್ತವೆ. ಮೊದಲ ಚಾಕು ಸ್ಟೇನ್‌ಲೆಸ್ ಸ್ಟೀಲಿನದ್ದೇ ಆಗಿರಲಿ.

ಫ್ರಾನ್ಸಿನ ಒಪಿನೆಲ್ ಕಂಪನಿಯ 8ನೇ ನಂಬರಿನ ಚಾಕು ಚಾರಣಿಗರಲ್ಲಿ ಹೆಸರುವಾಸಿ. ಅದರ ಅಲಗು 8.5 ಸೆಂಟಿಮೀಟರ್, ತೆಳ್ಳಗಿದ್ದು ತರಕಾರಿಯನ್ನು ಬಹಳ ಚೆನ್ನಾಗಿ ಹೆಚ್ಚುತ್ತದೆ, ಹಿಡಿಯ ತುದಿಯಲ್ಲಿರುವ ಉಕ್ಕಿನ ಉಂಗುರವನ್ನು ತಿರುಗಿಸಿದರೆ ಅಲಗು ಭದ್ರವಾಗಿ ನಿಲ್ಲುತ್ತದೆ. ಅದು ಎರಡೂ ಬಗೆಯ ಉಕ್ಕಿನಲ್ಲಿ ಬರುವುದರಿಂದ ಅಲಗಿನ ಮೇಲೆ ‘ಇನಾಕ್ಸ್’ (ಅಂದರೆ ಸ್ಟೇನ್‌ಲೆಸ್) ಎಂಬ ಬರಹ ಇರುವುದನ್ನೇ ಕೇಳಿ ಕೊಳ್ಳಬೇಕು. ಅದರ ಮರದ ಹಿಡಿ ಮಳೆಯಲ್ಲಿ ನೆನೆದರೆ ಉಬ್ಬಿಕೊಂಡು ಅಲಗನ್ನು ಒಳಗೇ ಹಿಡಿದುಬಿಡುತ್ತದೆ. ಬಲವಂತವಾಗಿ ಉಗುರು ಹಾಕಿ ಎಳೆಯುವಾಗಲೇ ಕೈ ಕೊಯ್ದುಕೊಳ್ಳುವ ಸಂಭವ ಹೆಚ್ಚು. ಹಾಗಾಗಿ ಮಳೆಯ ದಿನಗಳಲ್ಲಿ ಹೋಗುವವರಿಗೆ ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್‌ನಂಥ ಪ್ಲಾಸ್ಟಿಕ್ ಹಿಡಿಯ ಚಾಕು ಹೆಚ್ಚು ಅನುಕೂಲ. ಮಡಚಿದಾಗ 91 ಮಿಲಿಮೀಟರ್ ಉದ್ದವಿರುವ ಅದರ ಸಾಮಾನ್ಯ ಮಾದರಿಗಳ ಅಲಗಿಗೆ ಬಿಗಿಯುವ ಲಾಕ್ ಇರುವುದಿಲ್ಲ, ಆದ್ದರಿಂದ ಮೊನೆಯಿಂದ ಚುಚ್ಚಿ ತೂತು ಮಾಡುವ ಕೆಲಸಕ್ಕೆ ಅದನ್ನು ಬಳಸಬಾರದು. ಇವೆರಡೂ ದುಬಾರಿ ಎನಿಸಿದರೆ, ಅಡುಗೆಮನೆಯ ಸಣ್ಣ ತರಕಾರಿ ಚಾಕುವಿಗೆ ಗಟ್ಟಿಯಾದ ಒರೆಯೊಂದನ್ನು ಹೊಂದಿಸಿಕೊಂಡರೆ ಸಾಕು. ಮಡಚುವ ಕೀಲೇ ಇಲ್ಲದ ಕಾರಣ ಅದರಲ್ಲಿ ಕೆಡುವಂಥದ್ದು ಏನೂ ಇಲ್ಲ. ಇದು ಎರಡನೇ ದರ್ಜೆಯ ಆಯ್ಕೆ ಎಂದು ಯಾರೂ ಭಾವಿಸಬೇಕಾಗಿಲ್ಲ.

ದೂರವಿಡಬೇಕಾದದ್ದು ಹೆಸರಿಲ್ಲದ, ಕಪ್ಪು ಬಣ್ಣ ಬಳಿದ, ಗರಗಸದ ಹಲ್ಲಿನ, ಗುಂಡಿ ಒತ್ತಿದರೆ ಚಿಮ್ಮುವ ಅಗ್ಗದ ಚಾಕುಗಳನ್ನು. ಲಾಕ್ ಇರುವ ಯಾವುದೇ ಚಾಕುವನ್ನು ಕೊಳ್ಳುವ ಮೊದಲು ಹೀಗೆ ಪರೀಕ್ಷಿಸಿ: ಅಲಗನ್ನು ಪೂರ್ತಿ ತೆರೆದು, ಅದು ಮಡಚಿಕೊಂಡರೂ ಬೆರಳು ಸಿಗದಂತೆ ಹಿಡಿಯನ್ನು ಎರಡು ಪಕ್ಕಗಳಿಂದ ಮಾತ್ರ ಹಿಡಿದು, ಅಲಗಿನ ಬೆನ್ನನ್ನು ಮರದ ತುಂಡಿನ ಮೇಲೆ ಮೆಲ್ಲಗೆ ಎರಡು ಮೂರು ಸಲ ತಟ್ಟಿ. ಲಾಕ್ ಸ್ವಲ್ಪವಾದರೂ ಸಡಿಲಿದರೆ ಆ ಚಾಕು ಬೇಡ. ಆಮೇಲೆ ಅಲಗನ್ನು ಅಕ್ಕಪಕ್ಕಕ್ಕೆ ಅಲ್ಲಾಡಿಸಿ ನೋಡಿ. ಕೀಲಿನಲ್ಲಿ ಕಟಕಟ ಎಂದರೆ ಅದೂ ಬೇಡ. ಹಿಡಿಯ ಬಣ್ಣ ಕಿತ್ತಳೆ ಅಥವಾ ಕೆಂಪಾಗಿದ್ದರೆ ಒಣಗಿದ ಎಲೆಗಳ ನಡುವೆ ಬಿದ್ದಾಗ ಹುಡುಕುವುದು ಸುಲಭ.

ಮಲೆನಾಡಿನ ರೈತರು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವ ಕತ್ತಿಯನ್ನು ಕಂಡು ತಮಗೂ ಅಂಥದ್ದೊಂದು ಬೇಕು ಎನಿಸುವವರಿದ್ದಾರೆ. ಅದು ಅವರ ತೋಟದ ಉಪಕರಣ, ಅವರ ಕೈಗೆ ಬಾಲ್ಯದಿಂದ ಒಗ್ಗಿದ್ದು. ಚಾರಣಿಗನಿಗೆ ಕಡಿಯಬೇಕಾದ ಕೊಂಬೆಯೇ ಇಲ್ಲ, ಕಡಿಯುವ ಹಕ್ಕೂ ಇಲ್ಲ. ಕಾನೂನನ್ನೂ ಗಮನಿಸಬೇಕು. 2016ರ ಶಸ್ತ್ರಾಸ್ತ್ರ ನಿಯಮಗಳು ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲವಾದ ಅಲಗುಗಳನ್ನು, ಮನೆಬಳಕೆ ಮತ್ತು ಕೃಷಿಯಂಥ ಕೆಲಸಗಳಿಗೆ ಮಾಡಿದವುಗಳನ್ನು ಬಿಟ್ಟು, ಆಯುಧಗಳ ಪಟ್ಟಿಯಲ್ಲಿ ಸೇರಿಸಿವೆ. ಇದಕ್ಕಿಂತ ಬಿಗಿಯಾದದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೇ ಕಲಮು: ಲಿಖಿತ ಪೂರ್ವಾನುಮತಿ ಇಲ್ಲದೆ ಯಾವುದೇ ಆಯುಧದೊಡನೆ ಅಭಯಾರಣ್ಯವನ್ನು ಪ್ರವೇಶಿಸುವಂತಿಲ್ಲ. ಮುಂದೆ ಪುಷ್ಪಗಿರಿ ಅಭಯಾರಣ್ಯದ ಕುಮಾರಪರ್ವತಕ್ಕೋ ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೋ ಹೋಗುವವರು ಇದನ್ನು ನೆನಪಿನಲ್ಲಿಡಬೇಕು. ತಪಾಸಣಾ ಠಾಣೆಯಲ್ಲಿ ಸಿಬ್ಬಂದಿ ಕೇಳುವ ಮುನ್ನವೇ ಊಟದ ಡಬ್ಬಿಯ ಜೊತೆಗಿರುವ ಸಣ್ಣ ಚಾಕುವನ್ನು ತೋರಿಸಿ, ಬೇಡವೆಂದರೆ ವಾದ ಮಾಡದೆ ಅಲ್ಲಿಯೇ ಬಿಟ್ಟು ಹೋಗಿ. ಅಂಥ ಕಾಡುಗಳಿಗೆ ಹಣ್ಣು ತರಕಾರಿಯನ್ನು ಮನೆಯಲ್ಲೇ ಹೆಚ್ಚಿಕೊಂಡು, ಸಣ್ಣ ಕತ್ತರಿಯನ್ನಷ್ಟೇ ಒಯ್ಯುವುದು ನನ್ನ ದೃಷ್ಟಿಯಲ್ಲಿ ಇನ್ನೂ ಒಳ್ಳೆಯದು.

ಕೊಂಡ ಚಾಕುವನ್ನು ಹೊರಡುವ ಮೊದಲು ಕೆಲವು ವಾರ ಅಡುಗೆಮನೆಯಲ್ಲಿ ಬಳಸಿ, ಮೊಂಡಾದಾಗ ಸಾಣೆಕಲ್ಲಿನ ಮೇಲೆ ಸುಮಾರು 20 ಡಿಗ್ರಿ ಕೋನದಲ್ಲಿ ಎರಡೂ ಬದಿಯನ್ನು ಸಮನಾಗಿ ಮಸೆಯುವುದನ್ನು ಕಲಿತುಕೊಳ್ಳಿ. ಹಣ್ಣಾದ ಟೊಮೆಟೊ ಸಿಪ್ಪೆಯ ಮೇಲೆ ಅಲಗನ್ನು ಒತ್ತದೆ ಎಳೆದಾಗ ಅದು ಜಾರದೆ ಕಚ್ಚಿಕೊಂಡರೆ ಹರಿತ ಸರಿಯಾಗಿದೆ ಎಂದರ್ಥ. ಮೊಂಡು ಚಾಕುವಿಗೆ ಬಲ ಹಾಕಬೇಕಾಗುತ್ತದೆ, ಬಲ ಹಾಕಿದಾಗಲೇ ಅದು ಜಾರುತ್ತದೆ. ಒರೆಸಿ ಒಣಗಿಸಿದ ಅಲಗಿಗೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಿದರೆ ಸಾಕು. ಕೊಡಗಿನ ಚಳಿಯಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವುದರಿಂದ ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ ವಾಸಿ.

ಒಬ್ಬರೇ ಇರುವಾಗ ಚಾಕು ಹಿಡಿಯುವ ರೀತಿಯೂ ಬದಲಾಗಬೇಕು. ಕುಳಿತೇ ಕೆಲಸ ಮಾಡಿ, ಅಲಗು ಯಾವಾಗಲೂ ಮೈಯಿಂದ ಹೊರಕ್ಕೆ ಚಲಿಸಲಿ, ತೊಡೆಗಳ ನಡುವೆ ಎಂದೂ ಕತ್ತರಿಸಬೇಡಿ. ತೊಡೆಯ ಒಳಭಾಗದಲ್ಲಿ ದೊಡ್ಡ ರಕ್ತನಾಳವಿದೆ, ಅಲ್ಲಿ ಆಗುವ ಗಾಯಕ್ಕೆ ನೆರವು ಬರುವಷ್ಟು ಸಮಯ ಇರುವುದಿಲ್ಲ. ಬೆರಳು ಕೊಯ್ದರೆ ಶುಚಿಯಾದ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿಹಿಡಿಯಿರಿ, ನಡುವೆ ತೆಗೆದು ನೋಡಬೇಡಿ. ಧನುರ್ವಾಯುವಿನ ಚುಚ್ಚುಮದ್ದನ್ನು ಹೊರಡುವ ಮೊದಲೇ ಹಾಕಿಸಿಕೊಂಡಿರಬೇಕು.

ಚಾಕುವನ್ನು ಖಂಡಿತವಾಗಿ ಮುಟ್ಟಬಾರದ ಸಂದರ್ಭವೊಂದಿದೆ, ಅದು ಹಾವು ಕಡಿದಾಗ. ಕಡಿದ ಜಾಗವನ್ನು ಕೊಯ್ದು ರಕ್ತ ಹರಿಸಿದರೆ ವಿಷ ಹೊರಹೋಗುತ್ತದೆ ಎಂಬ ನಂಬಿಕೆ ಹಳ್ಳಿಗಳಲ್ಲಿಯೂ ನಗರದವರಲ್ಲಿಯೂ ಇನ್ನೂ ಉಳಿದಿದೆ. ಅದರಿಂದ ವಿಷ ಹೊರಬರುವುದಿಲ್ಲ, ಬದಲಾಗಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಮಂಡಲದ ಹಾವುಗಳ ವಿಷಕ್ಕೆ ಆ ಕೊಯ್ತವೇ ನಿಲ್ಲದ ರಕ್ತಸ್ರಾವದ ಬಾಗಿಲಾಗುತ್ತದೆ. ಹಗ್ಗದಿಂದ ಬಿಗಿದು ಕಟ್ಟುವುದೂ ಬಾಯಿಂದ ಹೀರುವುದೂ ಅಷ್ಟೇ ಅಪಾಯಕಾರಿ. ಉಂಗುರ, ಗಡಿಯಾರ ತೆಗೆದು, ಕೈಕಾಲನ್ನು ಆದಷ್ಟು ಅಲುಗಾಡಿಸದೆ 108ಕ್ಕೆ ಅಥವಾ 112ಕ್ಕೆ ಕರೆ ಮಾಡಿ. ಕರೆ ಸಿಗದಿದ್ದರೆ ಸೀಟಿ ಊದಿ ಜನರನ್ನು ಕರೆಯಬೇಕು. ಮನೆಯವರ ಕೈಯಲ್ಲಿರುವ ಕಾಗದದ ಬೆಲೆ ತಿಳಿಯುವುದೂ ಆಗಲೇ. ಜಿಗಣೆ ಕಚ್ಚಿದರೂ ಅಲಗಿನಿಂದ ಹೆರೆಯಬೇಡಿ. ಉಗುರನ್ನು ಚರ್ಮಕ್ಕೆ ತಾಗಿಸಿ ಅದರ ಬಾಯಿಯ ಕೆಳಗೆ ಪಕ್ಕದಿಂದ ಸರಿಸಿದರೆ ಬಿಟ್ಟುಕೊಳ್ಳುತ್ತದೆ.

ಪ್ರಯಾಣದ ಹೊತ್ತಿನಲ್ಲಿ ಚಾಕು ಜೇಬಿನಲ್ಲಿ ಇರಬಾರದು. ಬಸ್ಸಿನಲ್ಲಿ ಅದನ್ನು ಮಡಚಿ, ಬಟ್ಟೆಯಲ್ಲಿ ಸುತ್ತಿ, ಬೆನ್ನುಚೀಲದ ನಡುವೆ ಊಟದ ಸಾಮಾನಿನೊಂದಿಗೆ ಇಡಿ. ಮುಂದೊಮ್ಮೆ ವಿಮಾನದಲ್ಲಿ ಹಿಮಾಲಯಕ್ಕೆ ಹೊರಟಾಗ ಚಾಕುವನ್ನು ಕೈಚೀಲದಲ್ಲಿ ಒಯ್ಯುವಂತಿಲ್ಲ, ಅದು ಚೆಕ್-ಇನ್ ಮಾಡುವ ಚೀಲಕ್ಕೇ ಹೋಗಬೇಕು. ಪವರ್ ಬ್ಯಾಂಕ್‌ನದ್ದು ಇದಕ್ಕೆ ಸರಿಯಾಗಿ ತಿರುಗಾಮುರುಗಾ, ಅದು ಕೈಚೀಲದಲ್ಲೇ ಇರಬೇಕು. ಹಿಂದಿನ ರಾತ್ರಿ ಚೀಲ ಕಟ್ಟುವಾಗಲೇ ಇವೆರಡನ್ನೂ ಬೇರೆ ಬೇರೆ ಇಟ್ಟುಕೊಂಡರೆ, ಭದ್ರತಾ ತಪಾಸಣೆಯ ಸಾಲಿನಲ್ಲಿ ಚೀಲವನ್ನೆಲ್ಲ ಬಿಚ್ಚಿ ಹರಡಬೇಕಾಗುವುದಿಲ್ಲ.