ಕಡಲಿನಿಂದ ಹೊತ್ತು ತಂದ ಎತ್ತರ

ಬದಿಯಡ್ಕದ ಹತ್ತಿರದ ಕನ್ನಡ ಶಾಲೆಯಲ್ಲಿ ಕಲಿತ ನಾನು ಸೇನೆಯ ಇಂಜಿನಿಯರ್ ದಳಕ್ಕೆ ಸೇರಿದ್ದು ಸೇತುವೆ ಕಟ್ಟುವ ಆಸೆಯಿಂದ. ಡೆಹ್ರಾಡೂನ್, ಪುಣೆ, ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಎಲ್ಲ ದಾಟಿ ಕ್ಯಾಪ್ಟನ್ ಆದ ಮೇಲೆ ದೇಶದ ನಕ್ಷೆ ಮಾಡುವ ಸರ್ವೆ ಆಫ್ ಇಂಡಿಯಾಕ್ಕೆ ಹೋದೆ. ಹೈದರಾಬಾದಿನ ಉಪ್ಪಲ್‌ನಲ್ಲಿ ತರಬೇತಿ ಮುಗಿಸಿ ಲೆವೆಲಿಂಗ್ ತಂಡವೊಂದನ್ನು ವಹಿಸಿಕೊಂಡೆ. ಸೇತುವೆಯ ಆಸೆ ಅಲ್ಲಿಗೇ ನಿಂತಿತು.

ಲೆವೆಲಿಂಗ್ ಅಂದರೆ ಎತ್ತರವನ್ನು ಕಾಲ್ನಡಿಗೆಯಲ್ಲಿ ಹೊತ್ತೊಯ್ಯುವುದು. ಎತ್ತರ ಗೊತ್ತಿರುವ ಕಲ್ಲಿನ ಮೇಲೆ ಒಂದು ಸ್ಟಾಫ್, ಅಂದರೆ ಗೆರೆ ಹಾಕಿದ ಅಳತೆಕೋಲು, ಮುಂದೆ ಇನ್ನೊಂದು, ಸರಿಯಾಗಿ ನಡುವೆ ಮಟ್ಟವಾಗಿ ನೋಡುವ ದುರ್ಬೀನಿನ ಉಪಕರಣ. ಹಿಂದಿನದನ್ನು ಓದಬೇಕು, ಮುಂದಿನದನ್ನು ಓದಬೇಕು, ಕಳೆದು ಬರೆದುಕೊಂಡು ಮುಂದೆ ಸಾಗಬೇಕು. ಹೋದ ದಾರಿಯಲ್ಲೇ ಅಳೆಯುತ್ತ ಮರಳಬೇಕು.

ಒಂದು ಮಾರ್ಚಿನಲ್ಲಿ ಮುರಕಲ್ಲಿನ ಪಾರೆಯೊಂದರ ಏರಿನಲ್ಲಿ ಕೆಲಸ ನಡೆದಿತ್ತು. ಹತ್ತು ಗಂಟೆ ದಾಟಿದರೆ ಪಾರೆ ಕಾದ ಕಾವಲಿ. ಸ್ಟಾಫಿನ ಗೆರೆಗಳು ತೊರೆಯ ತಳದ ಕಲ್ಲಿನಂತೆ ಅಲುಗುತ್ತವೆ, ನೆಲದ ಬಿಸಿಗಾಳಿಯಲ್ಲಿ ನೋಟವೇ ಬಾಗುತ್ತದೆ. ಏರಿನಲ್ಲಿ ಮುಂದಿನ ಸ್ಟಾಫಿನ ಬುಡವೇ ಕಣ್ಣಿಗೆ ಸಿಗುವುದರಿಂದ ಆ ತಪ್ಪು ಒಂದೇ ಕಡೆಗೆ ಕೂಡುತ್ತ ಹೋಗುತ್ತದೆ. ತಂಡದ ಹಿರಿಯ ಖಲಾಸಿಯೊಬ್ಬರು (ಸಹಾಯಕರು) “ಸಾಹೇಬ್, ಇವತ್ತಿಗೆ ಸಾಕು” ಅಂದರು. ನನಗೆ ಬೇಗ ಮುಗಿಸುವ ಹಟ. ಮರಳುವಾಗ ಬೆಳಗಿನ ತಂಪಿನಲ್ಲಿ ಅಳೆದೆವು. ಹೋಗುವಾಗಿನ, ಬರುವಾಗಿನ ಲೆಕ್ಕಗಳ ನಡುವಿನ ಅಂತರ ಒಪ್ಪಬಹುದಾದ ಮಿತಿಯ ಇಮ್ಮಡಿ. ತಪ್ಪು ನನ್ನದೇ ಎಂದು ವರದಿ ಬರೆದು, 12 ಕಿಲೋಮೀಟರನ್ನು ಐದು ಬೆಳಗು ಮತ್ತೆ ನಡೆದೆವು.

ಆ ದಿನಗಳಲ್ಲಿ, ಭಾರತದ ಮಹಾ ತ್ರಿಕೋನಮಿತಿ ಸರ್ವೆಯನ್ನು (ಗ್ರೇಟ್ ಟ್ರಿಗೊನೊಮೆಟ್ರಿಕಲ್ ಸರ್ವೆ, ಜಿಟಿಎಸ್) ಆರಂಭಿಸಿದ ವಿಲಿಯಂ ಲ್ಯಾಂಬ್ಟನ್‌ನ ಕಥೆ ನನಗೆ ಆಸರೆಯಾಯಿತು. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದ ಬ್ರಿಟಿಷ್ ಸೇನಾಧಿಕಾರಿ. 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಅಳತೆಯ ಸರಪಳಿ ಹಾಸಿ, ತ್ರಿಕೋನಗಳನ್ನು ಹೆಣೆಯುತ್ತ ನಮ್ಮ ಪಡುಗಡಲಿನವರೆಗೆ ಬಂದವನು. ಪರ್ಯಾಯ ದ್ವೀಪ ನಕ್ಷೆಯಲ್ಲಿದ್ದುದಕ್ಕಿಂತ 40 ಮೈಲಿ ಕಿರಿದು ಎಂದು ಆಗ ತಿಳಿಯಿತು. 1808ರಲ್ಲಿ ತಂಜಾವೂರಿನ ಗೋಪುರಕ್ಕೆ ಏರಿಸುವಾಗ ಕೋನ ಅಳೆಯುವ, ಅರ್ಧ ಟನ್ ತೂಕದ ಥಿಯೋಡೊಲೈಟ್ ಗೋಡೆಗೆ ಬಡಿದು ಅದರ ವೃತ್ತ ನೆಗ್ಗಿತು. ಲ್ಯಾಂಬ್ಟನ್ ವಾರಗಟ್ಟಲೆ ಡೇರೆಯೊಳಗೆ ಕುಳಿತು ಅದನ್ನು ತಾನೇ ಸರಿಮಾಡಿದ. 1823ರಲ್ಲಿ ಹಿಂಗಣಘಾಟಿನಲ್ಲಿ ಸತ್ತದ್ದೂ ಕೆಲಸದ ದಾರಿಯಲ್ಲೇ.

ಈಗ ಉಪಗ್ರಹ ಇದೆಯಲ್ಲ, ನಡೆಯುವುದೇಕೆ ಎಂದು ಊರಿನ ಹುಡುಗರು ಕೇಳುತ್ತಾರೆ. ಅವರನ್ನು ಕುಂಬಳೆಯ ಕಡಲ ಬದಿಗೆ ಕರೆದೊಯ್ದು ಜಿಪಿಎಸ್ ರಿಸೀವರ್ ತೆರೆದು ತೋರಿಸುತ್ತೇನೆ. ಕಾಲಿಗೆ ತೆರೆ ತಾಗುತ್ತಿರುತ್ತದೆ. ಎತ್ತರ ಮಾತ್ರ ಸೊನ್ನೆಗಿಂತ ಸುಮಾರು 90 ಮೀಟರ್ ಕೆಳಗೆ! ಉಪಗ್ರಹ ಎತ್ತರ ಎಣಿಸುವುದು ಭೂಮಿಯ ಆಕಾರಕ್ಕೆ ಹೊಂದಿಸಿದ, ಲೆಕ್ಕದಲ್ಲಷ್ಟೇ ಇರುವ ದೀರ್ಘಗೋಲದ ಮೈಯಿಂದ. ದಕ್ಷಿಣ ಭಾರತದ ಸುತ್ತ ಭೂಮಿಯ ಸೆಳೆತ ತುಸು ಕಡಿಮೆ, ಹಾಗಾಗಿ ಇಲ್ಲಿ ಕಡಲ ಮೈಯೇ ತಗ್ಗಿನಲ್ಲಿದೆ. ನೀರು ಯಾವ ಕಡೆಗೆ ಹರಿಯುತ್ತದೆ ಎಂದು ತಿಳಿಯಲು ಸಮುದ್ರಮಟ್ಟದ ಎತ್ತರವೇ ಬೇಕು. ನಮ್ಮ ದೇಶಕ್ಕೆ ಆ ಮಟ್ಟವನ್ನು 1909ರ ಹೊತ್ತಿಗೆ ಒಂಬತ್ತು ಬಂದರುಗಳ ಉಬ್ಬರವಿಳಿತದಿಂದ ಕಟ್ಟಿದರು. ಅವುಗಳಲ್ಲಿ ನಮಗೆ ಹತ್ತಿರದವು ಬಡಗಿಗೆ ಕಾರವಾರ, ತೆಂಕಿಗೆ ಬೇಪೂರು. ನಮ್ಮ ಕಾಸರಗೋಡು ಇವೆರಡರ ನಡುವೆ.

ಹೆದ್ದಾರಿ ಅಗಲವಾದಾಗ ಎತ್ತರ ಗೊತ್ತಿರುವ, ನಾನು ಬಲ್ಲ ಎರಡು ಗುರುತುಕಲ್ಲುಗಳು ಮಣ್ಣುಪಾಲಾದವು. ಇನ್ನೊಂದು ಹಳೆಯ ಮೋರಿಯ ಬದಿಯಲ್ಲಿ ಉಳಿದಿದೆ: ನಡುವೆ ಚೌಕ, ಜೊತೆಗೆ ಜಿಟಿಎಸ್, ಬಿಎಂ (ಬೆಂಚ್ ಮಾರ್ಕ್, ಅಂದರೆ ಎತ್ತರದ ಗುರುತು) ಎಂಬ ಅಕ್ಷರಗಳು. ಮಳೆ ಬಿಟ್ಟ ಮೇಲೆ ಹೋಗಿ ತೆಂಗಿನ ನಾರಿನಿಂದ ಪಾಚಿ ತಿಕ್ಕಿ ಬರುತ್ತೇನೆ. ಅಂಥ ಕಲ್ಲು ನಿಮ್ಮ ಊರಿನಲ್ಲಿ ಕಂಡರೆ ದಯವಿಟ್ಟು ಕೀಳಲು ಬಿಡಬೇಡಿ.