ಇಂಗ್ಲೆಂಡಿನ ಶಾಲೆಯಲ್ಲಿ ನಾನು ಗವರ್ನರ್ ಆಗಿ ಮಾಡಿದ ಕೆಲಸ

ಇಂಗ್ಲೆಂಡಿನಲ್ಲಿರುವ ನಮ್ಮ ಕನ್ನಡದವರು ಮಕ್ಕಳ ಶಾಲೆಗಾಗಿ ಸಾಕಷ್ಟು ಮಾಡುತ್ತಾರೆ. ಮೇಳಕ್ಕೆ ಅಡುಗೆ ಮಾಡಿಕೊಂಡು ಹೋಗುತ್ತಾರೆ, ಚಿಕ್ಕ ಮಕ್ಕಳಿಗೆ ಓದಿಸುತ್ತಾರೆ. ಗವರ್ನರ್ (ಶಾಲೆಯ ಆಡಳಿತ ಸಮಿತಿಯ ಸದಸ್ಯರು) ಆಗಿ ಅಂದರೆ ಮಾತ್ರ ಹಿಂದೆ ಸರಿಯುತ್ತಾರೆ. ಒಂದು ಪೂರ್ತಿ ಅವಧಿ, ಅಂದರೆ ನಾಲ್ಕು ವರ್ಷ, ನಾನು ಆ ಕೆಲಸ ಮಾಡಿದ್ದೇನೆ. ನಮ್ಮವರು ಇನ್ನೂ ಜಾಸ್ತಿ ಜನ ಬರಬೇಕು ಅಂತ ನನಗೆ ತುಂಬಾ ಆಸೆ.

ರೆಡಿಂಗ್‌ನಲ್ಲಿ ಮಗಳ ಪ್ರೈಮರಿ ಶಾಲೆಯಿಂದ ಪೇರೆಂಟ್ ಗವರ್ನರ್ ಜಾಗ ಖಾಲಿ ಇದೆ ಎಂದು ಪತ್ರ ಬಂದಿತ್ತು. ನನ್ನ ಬಗ್ಗೆ ನಾಲ್ಕು ಮಾತು ಬರೆದು ಕೊಟ್ಟೆ. ಪೋಷಕರು ಓಟು ಹಾಕಿದರು. ಆಮೇಲೆ ಡಿಬಿಎಸ್ ತಪಾಸಣೆ, ಅಂದರೆ ನನ್ನ ಮೇಲೆ ಅಪರಾಧದ ದಾಖಲೆ ಇದೆಯಾ ಎಂಬ ತಪಾಸಣೆ, ಆಯಿತು. 18 ತುಂಬಿರಬೇಕು, ಬ್ರಿಟಿಷ್ ಪೌರತ್ವ ಬೇಕಿಲ್ಲ. ಸಂಬಳವೂ ಇಲ್ಲ.

ನಮ್ಮೂರಿನ ಸರ್ಕಾರಿ ಶಾಲೆಯ ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಸಮಿತಿಯಲ್ಲಿ) ಮುಕ್ಕಾಲು ಪಾಲು ಪೋಷಕರೇ ಇರಬೇಕು ಅನ್ನುವುದು ಶಿಕ್ಷಣ ಹಕ್ಕು ಕಾಯ್ದೆಯ ನಿಯಮ. ಇಲ್ಲಿ ಕೌನ್ಸಿಲ್ (ಸ್ಥಳೀಯ ಆಡಳಿತ) ಶಾಲೆಗಳಲ್ಲಿ ಇಬ್ಬರು ಪೋಷಕರಿದ್ದರೂ ಸಾಕು. ಜೊತೆಗೆ ಹೆಡ್‌ಟೀಚರ್, ಸಿಬ್ಬಂದಿಯಿಂದ ಒಬ್ಬರು, ಕೌನ್ಸಿಲ್ ಕಡೆಯಿಂದ ಒಬ್ಬರು, ಉಳಿದವರು ಸಮಿತಿಯೇ ಆರಿಸಿಕೊಂಡವರು. ಹಾಗಾಗಿ ಕೂತ ಇಬ್ಬರು ಪೋಷಕರು ಬಾಯಿ ಬಿಡಲೇಬೇಕು.

ಶಾಲೆ ನಡೆಸುವುದು ಹೆಡ್‌ಟೀಚರ್ ಕೆಲಸ. ಶಾಲೆ ಎತ್ತ ಹೋಗಬೇಕು, ಮಕ್ಕಳು ಕಲಿಯುತ್ತಿದ್ದಾರಾ, ದುಡ್ಡು ಸರಿಯಾಗಿ ಖರ್ಚಾಗುತ್ತಿದೆಯಾ ಎಂದು ನೋಡುವುದು ನಮ್ಮದು. ಸಭೆಗೆ ಏಳು ದಿನ ಮೊದಲೇ ಕಾಗದಪತ್ರ ಬರುತ್ತದೆ. ಕೂತು ಓದಿ, ಅರ್ಥವಾಗದ ಸಾಲಿಗೆಲ್ಲ ಗೆರೆ ಎಳೆದುಕೊಂಡು ಹೋಗುತ್ತಿದ್ದೆ. ನನ್ನ ಒಳ್ಳೆಯ ಪ್ರಶ್ನೆಗಳೆಲ್ಲ ಆ ಗೆರೆಗಳಿಂದಲೇ ಬಂದವು.

ಒಂದು ಉದಾಹರಣೆ ಹೇಳುತ್ತೇನೆ. ಬಡ ಮನೆಯ ಮಕ್ಕಳ ಕಲಿಕೆಗಾಗಿ ಶಾಲೆಗೆ ಪ್ಯುಪಿಲ್ ಪ್ರೀಮಿಯಂ ಎಂಬ ಹೆಚ್ಚಿನ ಹಣ ಬರುತ್ತದೆ. 2024–25ರಲ್ಲಿ ಪ್ರೈಮರಿಯಲ್ಲಿ ಒಂದು ಮಗುವಿಗೆ 1,480 ಪೌಂಡ್. ಮುಖ್ಯವಾಗಿ ಉಚಿತ ಊಟಕ್ಕೆ ಅರ್ಹರು ಎಂದು ದಾಖಲಾದ ಮಕ್ಕಳ ಲೆಕ್ಕದ ಮೇಲೆ ಇದು ನಿಂತಿದೆ. ಒಮ್ಮೆ ದಾಖಲಾದರೆ ಆರು ವರ್ಷ ಲೆಕ್ಕಕ್ಕೆ ಬರುತ್ತದೆ. ಆದರೆ 2014ರ ಸೆಪ್ಟೆಂಬರ್‌ನಿಂದ ರಿಸೆಪ್ಷನ್, ಇಯರ್ ಒನ್, ಇಯರ್ ಟೂ, ಅಂದರೆ ಮೊದಲ ಮೂರು ತರಗತಿಗಳ ಮಕ್ಕಳೆಲ್ಲರಿಗೂ ಊಟ ಪುಕ್ಕಟೆ. ಊಟ ಹೇಗೂ ಸಿಗುತ್ತೆ, ಅರ್ಹತೆ ದಾಖಲಿಸುವ ಫಾರಂ ಯಾಕೆ ತುಂಬಬೇಕು ಅಂತ ಪೋಷಕರು ಸುಮ್ನಿರುತ್ತಾರೆ. ಶಾಲೆಗೆ ಬರಬೇಕಾದ ಹಣ ಬರುವುದೇ ಇಲ್ಲ. ನಮ್ಮ ಪಟ್ಟಿಯಲ್ಲಿ ಚಿಕ್ಕ ತರಗತಿಗಳ ಸಂಖ್ಯೆ ಅಷ್ಟು ಕಡಿಮೆ ಯಾಕೆ ಎಂದು ಕೇಳಿದೆ. ಕೋಣೆಯಲ್ಲಿದ್ದವರೆಲ್ಲ ಆ ಪುಟ ಮತ್ತೆ ತೆಗೆದರು. ಅಲ್ಲಿಂದ ಮುಂದೆ ಆ ಫಾರಂ ದಾಖಲಾತಿ ಕಾಗದಗಳ ಜೊತೆಯಲ್ಲೇ ಹೋಗತೊಡಗಿತು. ಇಂಗ್ಲಿಷ್ ಬಾರದ ಪೋಷಕರಿಗೆ ಕಚೇರಿಯವರು ಕೂರಿಸಿ ತುಂಬಿಸಿದರು. ಮುಂದಿನ ಪಟ್ಟಿಯಲ್ಲಿ ಹೆಸರುಗಳು ಹೆಚ್ಚಿದವು. ಓದಿನಲ್ಲಿ ಹಿಂದಿದ್ದ ಮಕ್ಕಳ ಜೊತೆ ಕೂರಲು ಒಬ್ಬ ಸಹಾಯಕಿಯ ಗಂಟೆಗಳನ್ನು ಹೆಚ್ಚಿಸಲು ಆಯಿತು. ಇದಕ್ಕೆ ದೊಡ್ಡ ಡಿಗ್ರಿ ಬೇಕಿರಲಿಲ್ಲ, ಅಲ್ವಾ?

ಕಷ್ಟದ ಭಾಗ ಬೇರೆ ಇದೆ. ಗೇಟಿನ ಹತ್ತಿರ ಪರಿಚಯದವರು ಹಿಡಿದುಕೊಳ್ಳುತ್ತಾರೆ. “ಅಕ್ಕಾ, ನೀವು ಗವರ್ನರ್ ಅಲ್ವಾ, ನಮ್ಮ ಹುಡುಗನ ಟೀಚರ್ ಬಗ್ಗೆ ಹೆಡ್‌ಗೆ ಒಂದು ಮಾತು ಹೇಳಿ.” ಹೇಳುವ ಹಾಗಿಲ್ಲ. ಪೋಷಕರು ಆರಿಸಿದ್ದರೂ ನಾವು ಅವರ ವಕೀಲರಲ್ಲ. ಮೊದಲು ಟೀಚರ್, ಆಮೇಲೆ ಹೆಡ್, ಆಗಲೂ ಬಗೆಹರಿಯದಿದ್ದರೆ ಬರಹದಲ್ಲಿ ದೂರು ಎಂದು ದಾರಿ ತೋರಿಸುತ್ತಿದ್ದೆ. ಆ ದೂರು ಕೊನೆಗೆ ಗವರ್ನರ್‌ಗಳ ಮುಂದೆಯೇ ಬರಬಹುದು. ಮೊದಲೇ ಒಂದು ಕಡೆಯ ಕಥೆ ಕೇಳಿದವರು ಅಲ್ಲಿ ತೀರ್ಪು ಹೇಳಲು ಕೂರಬಾರದು. ಕೆಲವರಿಗೆ ಬೇಸರವಾಯಿತು. ಆದರೂ ಈ ಗೆರೆ ದಾಟಬೇಡಿ.

ಆಫೀಸ್ ಕೆಲಸದವರು ರಜೆಯ ಬಗ್ಗೆ ಕೇಳುತ್ತಾರೆ. ಕೌನ್ಸಿಲ್ ಶಾಲೆಯ ಗವರ್ನರ್ ಆದ ನೌಕರರಿಗೆ ಈ ಕೆಲಸಕ್ಕೆ ತಕ್ಕಮಟ್ಟಿನ ಬಿಡುವು ಕೊಡಬೇಕು ಎಂದು 1996ರ ಉದ್ಯೋಗ ಹಕ್ಕುಗಳ ಕಾಯ್ದೆಯೇ ಹೇಳುತ್ತದೆ. ಆ ಹೊತ್ತಿಗೆ ಸಂಬಳ ಕೊಡಲೇಬೇಕೆಂದಿಲ್ಲ. ನಮ್ಮ ಸಭೆಗಳು ಸಂಜೆ ಇರುತ್ತಿದ್ದವು, ತೊಂದರೆಯಾಗಲಿಲ್ಲ.

ಶಾಲೆಗೆ ಹೋಗುವ ಮಕ್ಕಳಿಲ್ಲದವರೂ ಸಮಿತಿ ಆರಿಸುವ ಜಾಗಗಳಿಗೆ ಬರಬಹುದು. ಹತ್ತಿರದ ಶಾಲೆಯ ಕಚೇರಿಗೆ ಹೋಗಿ, ಗವರ್ನರ್ ಜಾಗ ಖಾಲಿ ಇದೆಯಾ ಎಂದು ಕೇಳಿ.