ಮಳೆಗಾಲದ 61 ದಿನ: ಬೋಟಿನ ಹಳೇ ಡೀಸೆಲ್ ಇಂಜಿನ್ ಬೋಟಿನಲ್ಲೇ ಬಿಚ್ಚಿ ಕಟ್ಟುವುದು ಹೇಗೆ?

ಜೂನ್ 1 ಬಂತೆಂದರೆ ಮಲ್ಪೆ, ಮಂಗಳೂರು, ಗಂಗೊಳ್ಳಿ, ತದಡಿ ಬಂದರುಗಳಲ್ಲಿ ಬೋಟುಗಳು ಒಂದಕ್ಕೊಂದು ತಾಗಿಕೊಂಡು ನಿಲ್ಲುತ್ತವೆ. ಜುಲೈ 31ರವರೆಗೆ, ಒಟ್ಟು 61 ದಿನ, ಮೀನುಗಾರಿಕೆ ನಿಷೇಧ ಇರುವುದರಿಂದ ಯಾಂತ್ರಿಕ ಬೋಟುಗಳು ಕಡಲಿಗೆ ಹೋಗುವಂತಿಲ್ಲ. ಬೋಟು ಕಟ್ಟುವ ದಕ್ಕೆಯಲ್ಲಿ ಒಂದು ಕಡೆ ಬಲೆ ರಿಪೇರಿ, ಇನ್ನೊಂದು ಕಡೆ ಪೇಂಟು. ಇಂಜಿನ್ ಕೋಣೆಗೆ ಇಳಿಯಲೂ ವರ್ಷದಲ್ಲಿ ಸಿಗುವ ಸಮಯ ಇದೊಂದೇ.

ನಮ್ಮ ಕರಾವಳಿಯ ಹಳೇ ಟ್ರಾಲ್ ಬೋಟುಗಳಲ್ಲಿ ಅಶೋಕ್ ಲೇಲ್ಯಾಂಡ್‌ನಂಥ ಆರು ಸಿಲಿಂಡರ್ ಇಂಜಿನ್‌ಗಳು ಇನ್ನೂ ಇವೆ. ಮೂಲದಲ್ಲಿ ಇವು ಲಾರಿ ಇಂಜಿನ್‌ಗಳ ಬಳಗ. ಕಡಲಿಗೆ ಬೇಕಾದ ಗೇರ್‌ಬಾಕ್ಸ್, ಕಡಲ ನೀರಿನಿಂದ ಕೂಲಂಟ್ ತಣಿಸುವ ಹೀಟ್ ಎಕ್ಸ್‌ಚೇಂಜರ್, ನೀರಿನಿಂದ ತಂಪಾಗುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸೇರಿಸಿ ಬೋಟಿಗೆ ಹಾಕಿರುತ್ತಾರೆ. ಇಂಥ ಇಂಜಿನ್ ಸವೆದಾಗ ಇಡೀ ಬ್ಲಾಕ್ ಸವೆಯುವುದಿಲ್ಲ. ಪಿಸ್ಟನ್ ಓಡಾಡುವ ಲೈನರ್ ಎಂಬ ಕೊಳವೆ, ಪಿಸ್ಟನ್ ಸುತ್ತಲಿನ ರಿಂಗ್, ಬೇರಿಂಗ್, ವಾಲ್ವ್ ಸವೆಯುತ್ತವೆ. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ಶಾಫ್ಟ್ ಚೆನ್ನಾಗಿದ್ದರೆ ಇಂಜಿನ್ ಬೋಟಿನಿಂದ ಹೊರಗೆ ತೆಗೆಯದೆ, ಬೋಟಿನಲ್ಲೇ ಪೂರ್ತಿ ಓವರ್‌ಹಾಲ್, ಅಂದರೆ ಬಿಚ್ಚಿ ಸವೆದದ್ದು ಬದಲಿಸಿ ಕಟ್ಟುವ ಕೆಲಸ, ಮಾಡಬಹುದು. ಕೈಕೆಲಸ ಗೊತ್ತಿದ್ದು ತಾಳ್ಮೆ ಇರುವವರು ಇದನ್ನು ಕಲಿಯಬಹುದು. ಆದರೆ ಒಂದು ಮಾತು ಮೊದಲೇ ಹೇಳುತ್ತೇನೆ: ಅಳತೆ ತೆಗೆಯದೆ ಅಂದಾಜಿನಲ್ಲಿ ಕಟ್ಟಬೇಡಿ. ಮಾಡಿದ ಓವರ್‌ಹಾಲ್ ಒಂದೇ ಸೀಸನ್ನಿಗೆ ಕೆಟ್ಟುಹೋದದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಹೆಚ್ಚಿನ ಕಡೆ ಕಾರಣ ಇದೇ ಆಗಿತ್ತು.

ಬಿಚ್ಚುವ ಮೊದಲು ಇಂಜಿನ್ ಕೇಳಿಸಿಕೊಳ್ಳಿ

ಕೊನೆಯ ಟ್ರಿಪ್ ಮುಗಿಸಿ ಬಂದಾಗ ಇಂಜಿನ್ ಬಿಸಿ ಇರುತ್ತದಲ್ವಾ, ಆಗಲೇ ನೋಡಬೇಕಾದ್ದು ತುಂಬಾ ಇದೆ. ಹೊಗೆ ಕಪ್ಪಾಗಿದ್ದರೆ ಡೀಸೆಲ್ ಜಾಸ್ತಿ ಅಥವಾ ಗಾಳಿ ಕಡಿಮೆ. ನೀಲಿ ಇದ್ದರೆ ಆಯಿಲ್ ಉರಿಯುತ್ತಿದೆ: ರಿಂಗ್ ಅಥವಾ ವಾಲ್ವ್ ಗೈಡ್ ಸವೆದಿದೆ. ಇಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ಇಲ್ಲವೇ ಸಿಲಿಂಡರಿಗೆ ನೀರು ಬರುತ್ತಿದೆ. ಇಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪಿನ ಹತ್ತಿರ ಕೈ ಹಿಡಿದು ನೋಡಿ. ಗಾಳಿ ಜೋರಾಗಿ ಬಡಿದರೆ ಪಿಸ್ಟನ್ ದಾಟಿ ಗ್ಯಾಸ್ ಕೆಳಗೆ ಹೋಗುತ್ತಿದೆ ಎಂದರ್ಥ. ಬಿಸಿ ಇಂಜಿನ್‌ನಲ್ಲಿ ಆಯಿಲ್ ಪ್ರೆಶರ್ ಬಿದ್ದುಹೋಗುತ್ತಿದ್ದರೆ ಬೇರಿಂಗ್ ಮೇಲೆ ಅನುಮಾನ ಪಡಿ. ಡಿಪ್‌ಸ್ಟಿಕ್ ಎಳೆದಾಗ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ.

ಆಮೇಲೆ ಕಂಪ್ರೆಶನ್ ಟೆಸ್ಟ್, ಅಂದರೆ ಪ್ರತಿ ಸಿಲಿಂಡರಿನಲ್ಲಿ ಪಿಸ್ಟನ್ ಗಾಳಿಯನ್ನು ಎಷ್ಟು ಒತ್ತುತ್ತದೆ ಎಂದು ಗೇಜಿನಿಂದ ನೋಡುವುದು. ಆರೋಗ್ಯವಾಗಿರುವ ಡೀಸೆಲ್ ಇಂಜಿನ್‌ನಲ್ಲಿ ಸಾಮಾನ್ಯವಾಗಿ 350ರಿಂದ 450 ಪಿಎಸ್‌ಐ (ಒತ್ತಡದ ಅಳತೆ) ಬರುತ್ತದೆ. ಅಂಕಿಗಿಂತ ಮುಖ್ಯವಾದದ್ದು ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ. ಅದು ಶೇ 10ಕ್ಕಿಂತ ಹೆಚ್ಚಿದ್ದರೆ ಕಡಿಮೆ ಬಂದ ಸಿಲಿಂಡರ್ ಹುಡುಕಬೇಕು. ಪೆಟ್ರೋಲ್ ಇಂಜಿನ್‌ನಲ್ಲಿ ಮಾಡುವಂತೆ ಸಿಲಿಂಡರಿಗೆ ಆಯಿಲ್ ಸುರಿದು ಮತ್ತೆ ಟೆಸ್ಟ್ ಮಾಡಬೇಡಿ. ಡೀಸೆಲ್‌ನಲ್ಲಿ ಪಿಸ್ಟನ್ ಮೇಲಿನ ಜಾಗ ತೀರಾ ಕಡಿಮೆ. ಆಯಿಲ್ ಅಲ್ಲಿ ತುಂಬಿಕೊಂಡರೆ ಪಿಸ್ಟನ್ ಏರಲಾಗದೆ, ಅದನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಬಾಗಬಹುದು.

ಈ ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕಟ್ಟಿ ಮುಗಿದ ಮೇಲೆ ಹೋಲಿಸಿ ನೋಡಲು ಬೇಕಾಗುತ್ತದೆ.

ಜಾಗ ಸಿದ್ಧ ಮಾಡುವುದು

ಬ್ಯಾಟರಿ ವಯರ್ ತೆಗೆಯಿರಿ. ಕಡಲ ನೀರು ಒಳಬರುವ ವಾಲ್ವ್ ಮುಚ್ಚಿ, ಅದರ ಹಿಡಿಗೆ ಕೆಂಪು ಬಟ್ಟೆ ಕಟ್ಟಿ. ಬೇರೆಯವರು ಮರೆತು ತೆರೆದರೆ ಬೋಟಿಗೇ ನೀರು ನುಗ್ಗುತ್ತದೆ. ಬೋಟಿನ ತಳದ ಗುಂಡಿಯಾದ ಬಿಲ್ಜಿನಲ್ಲಿರುವ ಎಣ್ಣೆ ನೀರನ್ನು ಡಬ್ಬಕ್ಕೆ ತುಂಬಿ ದಡಕ್ಕೆ ತನ್ನಿ. ಬಂದರಿನ ನೀರಿಗೆ ಚೆಲ್ಲಬೇಡಿ, ಅದು ನಮ್ಮದೇ ಹೊಳೆ. ಬಿಲ್ಜ್ ಒಣಗಿದ ಮೇಲೆ ಹಲಗೆ ಹಾಸಿ. ಕೈಜಾರಿದ ಒಂದು ನಟ್ ಹುಡುಕಲು ಅರ್ಧ ದಿನ ಹೋಗುತ್ತದೆ.

ಇಂಜಿನ್ ಕೋಣೆಯ ಬಾಯಿಯಾದ ಹ್ಯಾಚ್ ಮೇಲೆ ಅಡ್ಡವಾಗಿ ಗಟ್ಟಿ ತೊಲೆ ಇಟ್ಟು, ಭಾರ ಎತ್ತುವ ಚೈನ್ ಬ್ಲಾಕ್ ಕಟ್ಟಿ. ಅದರ ಮೇಲೆ ಟಾರ್ಪಾಲು. ನಮ್ಮ ಮಳೆಗಾಲದ ಕಷ್ಟ ಒಳನಾಡಿನ ವರ್ಕ್‌ಶಾಪಿನವರಿಗೆ ಗೊತ್ತಾಗುವುದಿಲ್ಲ. ಜೂನ್ ಜುಲೈ ಗಾಳಿಯಲ್ಲಿ ತೇವವೂ ಇದೆ, ಉಪ್ಪೂ ಇದೆ. ಹೊಳೆಯುವ ಹಾಗೆ ಒರೆಸಿಟ್ಟ ಲೈನರ್ ಬೆಳಿಗ್ಗೆ ನೋಡಿದರೆ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಹಾಗಾಗಿ ಪ್ರತಿ ಸಂಜೆ ತೆರೆದ ಲೋಹಕ್ಕೆಲ್ಲ ಹೊಸ ಆಯಿಲ್ ಸವರಿ ಪ್ಲಾಸ್ಟಿಕ್ ಮುಚ್ಚಿಯೇ ಮೇಲೆ ಬನ್ನಿ. ಒರೆಸಲು ಬನಿಯನ್ ವೇಸ್ಟ್ ಬಳಸಬೇಡಿ, ನೂಲು ಉದುರುತ್ತದೆ. ಒಗೆದ ಹಳೇ ಹತ್ತಿ ಪಂಚೆ ಒಳ್ಳೆಯದು.

ಬಿಚ್ಚುವ ಕ್ರಮ

ಮೊದಲು ಎಲ್ಲ ಕಡೆಯಿಂದ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಕೂಲಂಟ್, ಆಯಿಲ್ ಇಳಿಸಿ. ಡೀಸೆಲ್ ಪೈಪುಗಳನ್ನು ಬಿಚ್ಚಿದ ಕೂಡಲೇ ಎರಡೂ ಬಾಯಿಗೆ ಮುಚ್ಚಳ ಹಾಕಿ. ಡೀಸೆಲ್ ಪಂಪಿನ ಒಳಗೆ ಡೀಸೆಲ್ ಒತ್ತುವ ಪ್ಲಂಜರಿಗೂ ಅದು ಓಡಾಡುವ ಬ್ಯಾರಲಿಗೂ ನಡುವಿನ ಸಂದು 2–3 ಮೈಕ್ರಾನ್. ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ. ಒಂದು ಕಣ ಧೂಳು ಏನು ಮಾಡಬಹುದು ಎಂದು ಯೋಚಿಸಿ. ಪಂಪ್ ತೆಗೆಯುವ ಮೊದಲು ಅದರ ಫ್ಲಾಂಜ್ ಮತ್ತು ಬ್ಲಾಕ್ ಎರಡಕ್ಕೂ ಸೇರುವಂತೆ ಚೂಪು ಮೊಳೆಯಿಂದ ಒಂದು ಗೆರೆ ಎಳೆಯಿರಿ. ಟೈಮಿಂಗ್, ಅಂದರೆ ಡೀಸೆಲ್ ಸಿಡಿಯುವ ಹೊತ್ತು, ವಾಪಸ್ ಕೂರಿಸಲು ಈ ಗೆರೆಯೇ ಗುರುತು.

ಪಂಪ್ ಮತ್ತು ಇಂಜೆಕ್ಟರ್‌ಗಳನ್ನು ಬೋಟಿನಲ್ಲಿ ಬಿಚ್ಚಬಾರದು. ಅದು ಟೆಸ್ಟ್ ಬೆಂಚ್ ಇರುವ ಪಂಪ್ ಅಂಗಡಿಯ ಕೆಲಸ. ಇಂಜೆಕ್ಟರ್ ಸಿಡಿಸುವ ಡೀಸೆಲ್ ಎದುರು ಬೆರಳು ಹಿಡಿಯುವುದಂತೂ ಬೇಡವೇ ಬೇಡ. ಆ ಒತ್ತಡಕ್ಕೆ ಡೀಸೆಲ್ ಚರ್ಮದೊಳಗೆ ಹೊಕ್ಕುಬಿಡುತ್ತದೆ. ಹಾಗೆ ಹೊಕ್ಕರೆ ಗಾಯ ಸಣ್ಣದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಲೇಬೇಕು.

ಸಿಲಿಂಡರ್‌ಗಳ ಮೇಲೆ ಮುಚ್ಚಳದಂತಿರುವ ಹೆಡ್ಡಿನ ಬೋಲ್ಟುಗಳನ್ನು ಇಂಜಿನ್ ಪೂರ್ತಿ ತಣಿದ ಮೇಲೆ ಮಾತ್ರ ಸಡಿಲಿಸಿ. ಎರಡು ತುದಿಯಿಂದ ನಡುವಿಗೆ, ಮೂರು ನಾಲ್ಕು ಸುತ್ತಿನಲ್ಲಿ ಸ್ವಲ್ಪ ಸ್ವಲ್ಪವೇ. ಒಮ್ಮೆಲೇ ಬಿಚ್ಚಿದರೆ ಹೆಡ್ ಸೊಟ್ಟಗಾಗುತ್ತದೆ. ರಟ್ಟಿನ ಪೆಟ್ಟಿಗೆಗೆ 12 ತೂತು ಮಾಡಿ, ನಂಬರ್ ಬರೆದು, ವಾಲ್ವ್ ತೆರೆಯಲು ತಳ್ಳುವ ಪುಶ್ ರಾಡುಗಳನ್ನು ಅದೇ ಕ್ರಮದಲ್ಲಿ ನಿಲ್ಲಿಸಿ. ಯಾವುದು ಎಲ್ಲಿ ಸವೆದಿದೆಯೋ ಅಲ್ಲಿಗೇ ವಾಪಸ್ ಹೋಗಬೇಕು.

ಈಗ ಬೋಟಿನಲ್ಲಿ ಮಾತ್ರ ಬರುವ ಸಮಸ್ಯೆ: ಆಯಿಲ್ ಸಂಪ್, ಅಂದರೆ ಇಂಜಿನ್ ಅಡಿಯ ಆಯಿಲ್ ತಟ್ಟೆ. ಲಾರಿಯಾದರೆ ಕೆಳಗೆ ಮಲಗಿ ಬಿಚ್ಚಬಹುದು. ಬೋಟಿನಲ್ಲಿ ಸಂಪಿನ ಕೆಳಗೆ ನಾಲ್ಕು ಬೆರಳು ಜಾಗವೂ ಇರುವುದಿಲ್ಲ. ಕೆಲವು ಮರೈನ್ ಇಂಜಿನ್‌ಗಳಿಗೆ ಪಕ್ಕದಲ್ಲಿ ಬಾಗಿಲು ಇರುತ್ತದೆ, ಅಲ್ಲಿಂದ ಕೈ ಹಾಕಿ ಕನೆಕ್ಟಿಂಗ್ ರಾಡ್ ಬೋಲ್ಟ್ ಬಿಚ್ಚಬಹುದು. ಬಾಗಿಲು ಇಲ್ಲದಿದ್ದರೆ ಶಾಫ್ಟ್ ಕಪ್ಲಿಂಗ್ ಬಿಚ್ಚಿ, ಫೌಂಡೇಶನ್ ಬೋಲ್ಟ್ ತೆಗೆದು, ಚೈನ್ ಬ್ಲಾಕಿನಲ್ಲಿ ಇಂಜಿನ್ ಒಂದಡಿ ಎತ್ತಿ. ಕೆಳಗೆ ಮರದ ದಿಮ್ಮಿ ಕೊಟ್ಟ ಮೇಲೆಯೇ ಕೈ ಹಾಕಬೇಕು, ಬರೀ ಚೈನಿನ ಮೇಲೆ ನಂಬಿಕೆ ಬೇಡ. ಇಂಜಿನ್‌ನ ಪ್ರತಿ ಕಾಲಿನ ಕೆಳಗಿದ್ದ ತೆಳು ತಗಡುಗಳನ್ನು ಬೇರೆ ಬೇರೆ ಕವರಿನಲ್ಲಿ ಹಾಕಿ ಹೆಸರು ಬರೆಯಿರಿ.

ಪಿಸ್ಟನ್ ಮೇಲಕ್ಕೆ ತಳ್ಳುವ ಮೊದಲು ಲೈನರಿನ ಮೇಲಂಚನ್ನು ಉಗುರಿನಿಂದ ಮುಟ್ಟಿ. ಸವೆಯದೆ ಉಳಿದ ದಂಡೆ ಸಿಗುತ್ತದೆ. ಅದನ್ನು ರೀಮರಿನಿಂದ ತೆಗೆಯದೆ ತಳ್ಳಿದರೆ ಪಿಸ್ಟನ್ನಿನ ರಿಂಗ್ ಜಾಗ ಒಡೆಯುತ್ತದೆ. ರಾಡು ಮತ್ತು ಅದರ ಕ್ಯಾಪ್ ಒಟ್ಟಿಗೇ ಬೋರ್ ಮಾಡಿದ ಜೋಡಿ. ನಂಬರ್ ನೋಡಿ ಜೋಡಿಯಾಗಿಯೇ ಇಡಿ. ಕ್ಯಾಪ್ ಅದಲುಬದಲು ಆಗಬಾರದು, ತಿರುಗುಮುರುಗೂ ಆಗಬಾರದು.

ಅಳತೆ: ಇಲ್ಲಿ ಎರಡು ದಿನ ಕೊಡಿ

ಲೈನರನ್ನು ಬೋರ್ ಗೇಜಿನಿಂದ ಮೂರು ಎತ್ತರದಲ್ಲಿ, ಪ್ರತಿ ಎತ್ತರದಲ್ಲೂ ಎರಡು ದಿಕ್ಕಿನಲ್ಲಿ ಅಳೆಯಿರಿ. ಮೇಲಿನ ರಿಂಗ್ ನಿಂತು ತಿರುಗುವ ಜಾಗದಲ್ಲಿ ಸವೆತ ಎಲ್ಲಕ್ಕಿಂತ ಜಾಸ್ತಿ. ಕಂಪನಿ ಪುಸ್ತಕದ ಮಿತಿ ದಾಟಿದ್ದರೆ ಲೈನರ್ ಹೊಸದೇ ಬೇಕು. ಹೊಸ ರಿಂಗ್ ಮಾತ್ರ ಹಾಕಿ ದುಡ್ಡು ಉಳಿಸಲು ಹೋಗುವವರಿದ್ದಾರೆ. ಅಂಡಾಕಾರವಾದ ಲೈನರಿನಲ್ಲಿ ದುಂಡಗಿನ ರಿಂಗ್ ಕೂರುವುದಿಲ್ಲ.

ಕ್ರ್ಯಾಂಕ್ ಶಾಫ್ಟಿನ ಜರ್ನಲ್‌ಗಳನ್ನು (ಬೇರಿಂಗಿನಲ್ಲಿ ಕೂತು ತಿರುಗುವ ಭಾಗಗಳನ್ನು) ಮೈಕ್ರೋಮೀಟರಿನಿಂದ ಅಳೆಯುವ ಗಳಿಗೆಯೇ ಇಡೀ ಕೆಲಸದ ತೀರ್ಮಾನದ ಗಳಿಗೆ. ಉಗುರಿಗೆ ಸಿಗುವ ಗೀರು ಇದ್ದರೆ ಅಥವಾ ಮಿತಿ ಮೀರಿ ಅಂಡಾಕಾರವಾಗಿದ್ದರೆ ಸಾಣೆ ಹಿಡಿಸಬೇಕು. ಆಗ 0.25, 0.50 ಮಿಲಿಮೀಟರ್ ಹೀಗೆ ದಪ್ಪನೆಯ ಬೇರಿಂಗ್ ಬರುತ್ತದೆ, ಆದರೆ ಇಂಜಿನ್ ಹೊರಗೆ ತೆಗೆಯಲೇಬೇಕು. ಜರ್ನಲ್ ಚೆನ್ನಾಗಿದ್ದರೆ ಬೋಟಿನಲ್ಲೇ ಮುಂದುವರಿಯಿರಿ. ಮೇನ್ ಬೇರಿಂಗಿನ ಮೇಲಿನ ಅರ್ಧವನ್ನು ಕ್ರ್ಯಾಂಕ್ ತೆಗೆಯದೆ ಬದಲಿಸುವ ಉಪಾಯ ಒಂದಿದೆ. ಜರ್ನಲಿನ ಆಯಿಲ್ ತೂತಿಗೆ ಚಪ್ಪಟೆ ತಲೆಯ ಮೆತ್ತನೆ ಪಿನ್ ಇಟ್ಟು ಕ್ರ್ಯಾಂಕನ್ನು ಕೈಯಿಂದ ನಿಧಾನ ತಿರುಗಿಸಿ. ಪಿನ್ನಿನ ತಲೆ ಹಳೇ ಶೆಲ್ಲನ್ನು, ಅಂದರೆ ಬೇರಿಂಗಿನ ಆ ಅರ್ಧವನ್ನು, ತಳ್ಳಿಕೊಂಡು ಹೊರಗೆ ತರುತ್ತದೆ. ಕ್ರ್ಯಾಂಕನ್ನು ಉಲ್ಟಾ ತಿರುಗಿಸಿದರೆ ಹೊಸದೂ ಹಾಗೆಯೇ ಒಳಗೆ ಹೋಗುತ್ತದೆ. ಹಳೇ ಶೆಲ್ಲು ಅದರ ಕಿವಿ (ಅಂಚಿನ ಪುಟ್ಟ ಚಾಚು) ಇರುವ ತುದಿ ಮುಂದಾಗಿಯೇ ಹೊರಬರಬೇಕು, ಅದೊಂದು ಎಚ್ಚರ. ಒಂದು ಮುಗಿಸಿ ಕ್ಯಾಪ್ ಹಾಕಿ ಇನ್ನೊಂದಕ್ಕೆ ಹೋಗಿ.

ಹೆಡ್ ಮೇಲೆ ನೇರ ಪಟ್ಟಿ ಇಟ್ಟು ಅಡಿಯಲ್ಲಿ ಸಂದು ಅಳೆಯುವ ತೆಳು ಪಟ್ಟಿಯಾದ ಫೀಲರ್ ಗೇಜ್ ತೂರಿಸಿ ನೋಡಿ. ಬಾಗಿದ್ದರೆ ಲೇತ್ ಅಂಗಡಿಗೆ. ಎರಡು ವಾಲ್ವಿನ ನಡುವೆ ಬಿರುಕು ಇದೆಯೇ ಎಂದು ಕೆಂಪು ಡೈ, ಬಿಳಿ ಡೆವಲಪರ್ ಹಾಕಿ ಪರೀಕ್ಷಿಸಿ. ವಾಲ್ವನ್ನು ಪೇಸ್ಟ್ ಹಚ್ಚಿ ಉಜ್ಜುವ ಕೆಲಸ ನಿಧಾನದ್ದು, ಆದರೆ ಮನಸ್ಸಿಗೆ ಹಿತ ಕೊಡುತ್ತದೆ. ಕೊನೆಗೆ ಹೆಡ್ಡಿನಲ್ಲಿ ಗಾಳಿ, ಹೊಗೆ ಹೋಗುವ ದಾರಿಯಾದ ಪೋರ್ಟಿಗೆ ಸೀಮೆಎಣ್ಣೆ ಸುರಿದು ಬಿಡಿ. ವಾಲ್ವಿನ ಅಂಚಿನಲ್ಲಿ ಜಿನುಗದಿದ್ದರೆ ಕೂತಿದೆ.

ಉಪ್ಪುನೀರಿನ ಭಾಗಗಳನ್ನೂ ಇದೇ ಹೊತ್ತಿಗೆ ನೋಡಿಬಿಡಿ. ಹೀಟ್ ಎಕ್ಸ್‌ಚೇಂಜರಿನ ಕೊಳವೆಗಳಲ್ಲಿ ಕಟ್ಟಿದ ಕಿಟ್ಟ ತೆಗೆಯಿರಿ, ಇತರ ಲೋಹದ ಬದಲು ತಾನು ಕರಗಿಹೋದ ಸತುವಿನ ತುಂಡು ಬದಲಿಸಿ. ನೀರಿನ ಪಂಪಿನ ರಬ್ಬರ್ ಇಂಪೆಲ್ಲರಿನ ರೆಕ್ಕೆ ಮುರಿದಿದ್ದರೆ ಮುರಿದ ತುಂಡುಗಳೆಲ್ಲ ಸಿಗುವವರೆಗೂ ಹುಡುಕಿ. ಅವು ಮುಂದೆ ಹೋಗಿ ಕೊಳವೆ ಕಟ್ಟುತ್ತವೆ.

ಕಟ್ಟುವುದು

ಇಂಜಿನ್‌ನಲ್ಲಿರುವುದು ವೆಟ್ ಲೈನರ್ ಆದರೆ, ಅಂದರೆ ಹೊರಮೈಗೆ ನೇರ ನೀರು ತಾಗುವಂಥದ್ದಾದರೆ, ಕೆಳಗಿನ ರಬ್ಬರ್ ರಿಂಗ್ ಕೂರುವ ಜಾಗದ ತುಕ್ಕು ಪೂರ್ತಿ ತೆಗೆಯಿರಿ. ಲೈನರ್ ಕೂರಿಸಿದ ಮೇಲೆ ಅದರ ತಲೆ ಬ್ಲಾಕಿಗಿಂತ ಎಷ್ಟು ಎತ್ತರ ನಿಂತಿದೆ ಎಂದು ಅಳೆಯಿರಿ, ಹೆಡ್ ಗ್ಯಾಸ್ಕೆಟ್ ಹಿಡಿಯುವುದು ಅದರ ಮೇಲೆಯೇ. ಪಿಸ್ಟನ್ ಹಾಕುವ ಮೊದಲು ಬ್ಲಾಕಿನ ಸುತ್ತ ನೀರು ತುಂಬಿಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಕೆಳಗೆ ಒಂದು ಹನಿಯೂ ಇರಬಾರದು. ಡ್ರೈ ಲೈನರ್ ಆದರೆ ಪ್ರೆಸ್ ಮಾಡಿ ಬೋರ್ ಮಾಡುವ ಕೆಲಸ ಇರುತ್ತದೆ, ಅದಕ್ಕೆ ಅನುಭವಿಗಳನ್ನು ಕರೆಯಿಸಿ.

ಪ್ರತಿ ರಿಂಗನ್ನೂ ಲೈನರಿನೊಳಗೆ ಸಮವಾಗಿ ಇಟ್ಟು ಬಾಯಿಯ ಸಂದು ನೋಡಿ. 100 ಮಿಲಿಮೀಟರ್ ಬೋರಿಗೆ 0.3ರಿಂದ 0.4 ಮಿಲಿಮೀಟರ್ ಎನ್ನುವುದು ಸಾಮಾನ್ಯ ಲೆಕ್ಕ, ಪುಸ್ತಕ ಹೇಳಿದ್ದೇ ಅಂತಿಮ. ರಿಂಗ್ ಬಾಯಿಗಳು ಒಂದೇ ಸಾಲಿಗೆ ಬರದಂತೆ ತಿರುಗಿಸಿ. ಪಿಸ್ಟನ್ ಮೇಲಿನ ಗುರುತು ಸರಿಯಾದ ದಿಕ್ಕಿಗಿರಲಿ. ಸುತ್ತಿಗೆಯ ಮರದ ಹಿಡಿಯಿಂದ ಮೆಲ್ಲಗೆ ತಳ್ಳಿ. ಅಡ್ಡಿ ಸಿಕ್ಕಿದರೆ ನಿಲ್ಲಿಸಿ ಹೊರಗೆ ತೆಗೆಯಿರಿ, ಬಲ ಹಾಕಬೇಡಿ. ಒಂದೊಂದು ಪಿಸ್ಟನ್ ಹಾಕಿದ ಮೇಲೂ ಕ್ರ್ಯಾಂಕ್ ಒಂದು ಸುತ್ತು ತಿರುಗಿಸಿ. ಬಿಗಿಯಾದರೆ ತಪ್ಪು ಈಗ ಹಾಕಿದ್ದರಲ್ಲೇ ಇದೆ ಎಂದು ಗೊತ್ತಾಗುತ್ತದೆ.

ಹೆಡ್ ಬೋಲ್ಟಿನ ತೂತುಗಳ ವಿಷಯ. ವರ್ಷಗಳ ಹಿಂದೆ ನಾವು ಕಟ್ಟಿದ ಒಂದು ಇಂಜಿನ್‌ನ ಬ್ಲಾಕ್ ಬೋಲ್ಟ್ ಬಿಗಿಯುವಾಗಲೇ ಬಿರಿಯಿತು. ತಳ ಮುಚ್ಚಿದ ತೂತಿನಲ್ಲಿ ನೀರು ನಿಂತಿತ್ತು. ಬೋಲ್ಟ್ ಇಳಿದಂತೆ ನೀರಿಗೆ ಹೋಗಲು ದಾರಿ ಸಿಗಲಿಲ್ಲ. ಆ ಸದ್ದು ಇವತ್ತಿಗೂ ನೆನಪಿದೆ. ಪ್ರತಿ ತೂತಿಗೂ ಗಾಳಿ ಊದಿ, ಬಟ್ಟೆ ಸುತ್ತಿದ ಕಡ್ಡಿಯಿಂದ ಒಣಗಿಸಿ. ಆಮೇಲೆ ಹೊಸ ಗ್ಯಾಸ್ಕೆಟ್, ಎಷ್ಟು ಬಿಗಿ ಎಂದು ಅಳೆಯುವ ಟಾರ್ಕ್ ರೆಂಚ್, ನಡುವಿನಿಂದ ಹೊರಕ್ಕೆ, ಮೂರು ಹಂತದಲ್ಲಿ.

ಟ್ಯಾಪೆಟ್, ಅಂದರೆ ವಾಲ್ವ್ ತುದಿಯ ಸಂದು, ಹೊಂದಿಸಲು ಒಂದು ಸುಲಭ ಲೆಕ್ಕ. ಆರು ಸಿಲಿಂಡರ್ ಇಂಜಿನ್‌ಗಳ ಫೈರಿಂಗ್ ಕ್ರಮ ಸಾಮಾನ್ಯವಾಗಿ 1-5-3-6-2-4. 6ನೇ ಸಿಲಿಂಡರಿನ ಎರಡು ವಾಲ್ವುಗಳು ಒಂದು ಮುಚ್ಚಿ ಇನ್ನೊಂದು ತೆರೆಯುವ ಹೊತ್ತಿಗೆ 1ನೆಯದನ್ನು ಹೊಂದಿಸಿ. 2ರ ವಾಲ್ವುಗಳು ಹೀಗೆ ಆಡುವಾಗ 5, 4ರವು ಆಡುವಾಗ 3. ಜೋಡಿ ಯಾವಾಗಲೂ ಕೂಡಿದರೆ 7 ಬರುತ್ತದೆ.

ಮೊದಲ ಸ್ಟಾರ್ಟ್

ಡೀಸೆಲ್ ಲೈನಿನ ಗಾಳಿ ತೆಗೆಯಿರಿ: ಫಿಲ್ಟರ್, ಪಂಪ್, ಕೊನೆಗೆ ಇಂಜೆಕ್ಟರ್ ನಟ್. ಸ್ಟಾಪ್ ಲಿವರ್ ಎಳೆದು ಹಿಡಿದು, ಆಯಿಲ್ ಗೇಜಿನ ಮುಳ್ಳು ಏಳುವವರೆಗೆ ಸ್ಟಾರ್ಟರಿನಿಂದ ತಿರುಗಿಸಿ. ಹೊಗೆಕೊಳವೆಗೆ ಕಡಲ ನೀರು ಬಿಡುವ ಇಂಜಿನ್ ಆದರೆ ಈ ಹೊತ್ತಿನಲ್ಲಿ ನೀರಿನ ವಾಲ್ವ್ ಮುಚ್ಚಿರಲಿ. ಇಲ್ಲದಿದ್ದರೆ ನೀರು ತುಂಬಿಕೊಂಡು ಸಿಲಿಂಡರಿಗೆ ವಾಪಸ್ ಬರುತ್ತದೆ. ಇಂಜಿನ್ ಹಿಡಿದ ತಕ್ಷಣ ತೆರೆಯಿರಿ.

ಗಾಳಿ ಒಳಹೋಗುವ ಬಾಯಿಯ ಹತ್ತಿರ ಒಬ್ಬರು ದಪ್ಪ ಹಲಗೆ ಹಿಡಿದು ನಿಂತಿರಬೇಕು. ಡೀಸೆಲ್ ಹೆಚ್ಚು ಕಡಿಮೆ ಮಾಡುವ ಪಂಪಿನ ರಾಕ್ ಸಿಕ್ಕಿಕೊಂಡು ಇಂಜಿನ್ ತಾನಾಗಿ ಏರುತ್ತಾ ಹೋದರೆ ಕೀಲಿ ತಿರುಗಿಸಿ ನಿಲ್ಲಿಸಲಾಗುವುದಿಲ್ಲ, ಗಾಳಿ ಮುಚ್ಚಬೇಕು. ಬರಿಗೈ ಇಡಬಾರದು.

ಹೊಸ ಲೈನರಿನ ಇಂಜಿನ್ ಸುಮ್ನೆ ಗಂಟೆಗಟ್ಟಲೆ ಐಡಲ್‌ನಲ್ಲಿ ಓಡಿಸಬೇಡಿ. ಲೋಡ್ ಇಲ್ಲದೆ ರಿಂಗ್ ಕೂರುವುದಿಲ್ಲ, ಲೈನರ್ ಗಾಜಿನಂತೆ ನುಣುಪಾಗಿ ಆಯಿಲ್ ಕುಡಿಯಲು ಶುರು ಮಾಡುತ್ತದೆ. ನಿಷೇಧ ಮುಗಿಯುವ ಮೊದಲು ಹೊರಗೆ ಹೋಗುವಂತಿಲ್ಲವಲ್ಲ, ಅದಕ್ಕೆ ಪಕ್ಕದ ಬೋಟಿನವರಿಗೆ ಹೇಳಿ, ದಪ್ಪ ಹಗ್ಗದಲ್ಲಿ ದಕ್ಕೆಗೆ ಕಟ್ಟಿ, ಗೇರ್ ಹಾಕಿ ನಿಧಾನವಾಗಿ ಲೋಡ್ ಏರಿಸಿ.

ಶಾಫ್ಟ್ ಹೊಂದಾಣಿಕೆಯನ್ನು ಬೋಟು ನೀರಿನಲ್ಲಿರುವಾಗಲೇ ನೋಡಬೇಕು. ದಡಕ್ಕೆ ಎಳೆದಿದ್ದ ಬೋಟಾದರೆ ನೀರಿಗಿಳಿದು ಒಂದೆರಡು ದಿನ ಆಗಲಿ. ಮರದ ಬೋಟಿನ ಮೈ ನೀರಿಗಿಳಿದ ಮೇಲೆ ಸ್ವಲ್ಪ ಆಕಾರ ಬದಲಿಸುತ್ತದೆ. ಕಪ್ಲಿಂಗಿನ ಎರಡು ಮುಖಗಳ ನಡುವೆ ನಾಲ್ಕು ಕಡೆ ಫೀಲರ್ ಗೇಜ್ ಹಾಕಿ. 100 ಮಿಲಿಮೀಟರ್ ಅಗಲಕ್ಕೆ 0.1 ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಇಂಜಿನ್ ಕಾಲಿನ ಕೆಳಗಿನ ಆ ತೆಳು ತಗಡುಗಳನ್ನು ಹಾಕಿ ತೆಗೆದು ಸರಿಮಾಡಿ.

ಮೊದಲ 25ರಿಂದ 50 ಗಂಟೆ ಆದ ಮೇಲೆ ಆಯಿಲ್, ಫಿಲ್ಟರ್ ಬದಲಿಸಿ. ಹಳೇ ಫಿಲ್ಟರ್ ಕತ್ತರಿಸಿ, ಕಾಗದ ಬಿಡಿಸಿ, ಬಿಸಿಲಿಗೆ ಹಿಡಿದು ನೋಡಿ. ಮಿನುಗುವ ಸಣ್ಣ ಪುಡಿ ಸ್ವಲ್ಪ ಇರುತ್ತದೆ. ತೆಳು ಚಕ್ಕೆಗಳು ಕಂಡರೆ ಬೋಟು ಆಳಸಮುದ್ರಕ್ಕೆ ಕಳಿಸಬೇಡಿ, ಸಂಪ್ ಮತ್ತೆ ಬಿಚ್ಚಿ ಬೇರಿಂಗ್ ನೋಡಿ. ಟ್ಯಾಪೆಟ್ ಇನ್ನೊಮ್ಮೆ ಹೊಂದಿಸಿ. ಪುಸ್ತಕ ಹೇಳಿದ್ದರೆ ಹೆಡ್ ಬೋಲ್ಟೂ ಮತ್ತೆ ಬಿಗಿಯಿರಿ. ದಿನಾಂಕ, ಗಂಟೆ, ಆಯಿಲ್ ಪ್ರೆಶರ್ ಮೂರನ್ನೂ ಮೊದಲ ದಿನದ ಅದೇ ನೋಟ್‌ಬುಕ್ಕಿನಲ್ಲಿ ಬರೆದು ಬೋಟು ನಡೆಸುವ ತಾಂಡೇಲರ ಕೈಗೆ ಕೊಡಿ.